ಇಂಗ್ಲಿಷ್ ವರದಿಯಲ್ಲಿ ಹುದ್ದೆಗಳಿಗೆ ದೊಡ್ಡಕ್ಷರ ಯಾವಾಗ?

ಪ್ರಶ್ನೆ:
ನಮಸ್ಕಾರ. ನಮ್ಮ ಸಹಕಾರ ಸಂಘದ ವಾರ್ಷಿಕ ವರದಿಯನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಸೆಕ್ರೆಟರಿ’ ಎಂಬ ಪದ ಒಂದೇ ಪುಟದಲ್ಲಿ ಒಮ್ಮೆ ದೊಡ್ಡ ‘ಎಸ್’ನಿಂದಲೂ ಇನ್ನೊಮ್ಮೆ ಸಣ್ಣ ‘ಎಸ್’ನಿಂದಲೂ ಶುರುವಾಗಿರುವುದಕ್ಕೆ ಕರಡು ತಿದ್ದುವವರು ಗುರುತು ಹಾಕಿ ಮರಳಿಸಿದ್ದಾರೆ. ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಡಬಹುದೇ, ತಿಳಿದವರು ದಯವಿಟ್ಟು ಹೇಳಿ.

ಉತ್ತರ:
ಹಾಗೆ ಮಾಡಬೇಡಿ. ಹುದ್ದೆಯ ಪದವು ವ್ಯಕ್ತಿಯ ಹೆಸರಿನ ಭಾಗವಾಗಿ ನಿಂತಿದೆಯೇ ಅಥವಾ ಅವರು ಯಾರೆಂದು ವಿವರಿಸುತ್ತಿದೆಯೇ ಎಂಬುದನ್ನಷ್ಟೇ ನೋಡಿ. ‘ಪ್ರೆಸಿಡೆಂಟ್ ಅಬ್ದುಲ್ ಕಲಾಂ’ ಎಂದು ಹೆಸರಿಗೆ ಅಂಟಿಕೊಂಡು ಮೊದಲೇ ಬಂದಾಗ ‘ಪಿ’ ದೊಡ್ಡದು. ಅದೇ ಪದ ಹೆಸರಾದ ಮೇಲೆ, ಅಲ್ಪವಿರಾಮದ ಬಳಿಕ ‘ಪ್ರೆಸಿಡೆಂಟ್ ಆಫ್ ಇಂಡಿಯಾ’ ಎಂದು ಬಂದಾಗಲೂ, ಹೆಸರೇ ಇಲ್ಲದೆ ‘ದ ಪ್ರೆಸಿಡೆಂಟ್’ ಎಂದು ಬಂದಾಗಲೂ ಇಂಗ್ಲಿಷ್ ಬರವಣಿಗೆಯ ನಿಯಮಗಳನ್ನು ಹೇಳುವ ಅಮೆರಿಕದ ಶಿಕಾಗೊ ಕೈಪಿಡಿ ಮತ್ತು ಎಪಿ ಸುದ್ದಿಸಂಸ್ಥೆಯ ಕೈಪಿಡಿ ಎರಡೂ ಸಣ್ಣ ‘ಪಿ’ಯನ್ನೇ ಬಳಸುತ್ತವೆ. ಹೆಚ್ಚಿನವರು ಎಡವುವುದು ‘ದ ಇಂಡಿಯನ್ ಪ್ರೆಸಿಡೆಂಟ್ ಅಬ್ದುಲ್ ಕಲಾಂ’ ಎಂಬಂಥ ಕಡೆ: ಇಲ್ಲಿ ಪದ ಹೆಸರಿಗೆ ಮೊದಲೇ ಇದ್ದರೂ ‘ದ ಇಂಡಿಯನ್’ ಸೇರಿದ್ದರಿಂದ ಅದು ವಿವರಣೆಯಾಗಿದೆ, ಆದ್ದರಿಂದ ಸಣ್ಣಕ್ಷರ. ಟೀಚರ್, ಡ್ರೈವರ್ ಮೊದಲಾದವು ಬಿರುದಿನಂತೆ ಬಳಕೆಯಾಗದ ಕೆಲಸದ ಹೆಸರುಗಳಾದ್ದರಿಂದ ಅವಕ್ಕೆ ಎಲ್ಲಿಯೂ ದೊಡ್ಡಕ್ಷರ ಬೇಡ.

ತಿದ್ದುವಾಗ ವರ್ಡ್‌ನಲ್ಲಿ ದೊಡ್ಡ-ಸಣ್ಣ ಅಕ್ಷರಗಳ ಭೇದ ನೋಡಿ ಹುಡುಕುವ ‘ಮ್ಯಾಚ್ ಕೇಸ್’ ಆಯ್ಕೆಯನ್ನು ಗುರುತಿಸಿ ಒಂದೊಂದಾಗಿ ಹುಡುಕಿ. ಎಲ್ಲವನ್ನೂ ಒಮ್ಮೆಗೇ ಬದಲಿಸುವ ‘ರಿಪ್ಲೇಸ್ ಆಲ್’ ಒತ್ತಿದರೆ ವಾಕ್ಯದ ಆರಂಭದಲ್ಲಿರುವ ಮತ್ತು ಶೀರ್ಷಿಕೆಯಲ್ಲಿರುವ ದೊಡ್ಡಕ್ಷರಗಳೂ ಹಾಳಾಗುತ್ತವೆ.

ಪ್ರಶ್ನೆ ಕೇಳಿದವರು:
ಬಹಳ ಉಪಕಾರವಾಯಿತು. ಆದರೆ ‘ದ ಸೆಕ್ರೆಟರಿ’ ಎಂದು ಸಣ್ಣಕ್ಷರದಲ್ಲಿ ಬರೆದರೆ ಹುದ್ದೆಗೆ ಅಗೌರವವಾಗುತ್ತದೆ ಎಂದು ನಮ್ಮ ಹಿರಿಯ ನಿರ್ದೇಶಕರು ಆಕ್ಷೇಪಿಸುತ್ತಿದ್ದಾರೆ. ಬೈಲಾದಲ್ಲಿಯೂ ಎಲ್ಲೆಡೆ ದೊಡ್ಡಕ್ಷರವೇ ಇದೆ.

ಉತ್ತರ:
ನಿರ್ದೇಶಕರ ಭಾವನೆ ಸಹಜವಾದದ್ದೇ, ಏಕೆಂದರೆ ನಾವೆಲ್ಲ ಓದಿ ಬೆಳೆದದ್ದು ಸರ್ಕಾರಿ ಪತ್ರಗಳ ಇಂಗ್ಲಿಷನ್ನು. ಸಂವಿಧಾನದ ಇಂಗ್ಲಿಷ್ ಪಾಠದ 52ನೇ ವಿಧಿಯಲ್ಲಿ ಪ್ರೆಸಿಡೆಂಟ್, 153ನೇ ವಿಧಿಯಲ್ಲಿ ಗವರ್ನರ್ ಪದಗಳು ಯಾರ ಹೆಸರೂ ಇಲ್ಲದೆಯೇ ದೊಡ್ಡಕ್ಷರದಲ್ಲಿವೆ. ಬ್ರಿಟಿಷ್ ಸರ್ಕಾರದ ಜಾಲತಾಣವೂ ‘ದ ಪ್ರೈಮ್ ಮಿನಿಸ್ಟರ್’ ಎಂದು ದೊಡ್ಡಕ್ಷರದಲ್ಲಿಯೇ ಬರೆಯುತ್ತದೆ. ಕಾನೂನಿನ ಪಾಠದಲ್ಲಿ ಆ ಪದ ಒಂದು ನಿರ್ದಿಷ್ಟ ಅಧಿಕಾರಸ್ಥಾನವನ್ನು ಸೂಚಿಸುವುದರಿಂದ ಅಲ್ಲಿ ಅದು ಯುಕ್ತವೂ ಹೌದು. ಆದ್ದರಿಂದ ಬೈಲಾದ ಮಾತನ್ನು ಉದ್ಧರಿಸುವಾಗ ಅಕ್ಷರವನ್ನು ಬದಲಿಸಬೇಡಿ. ಆದರೆ ಕಾರ್ಯದರ್ಶಿಗಳು ಲೆಕ್ಕಪತ್ರ ಮಂಡಿಸಿದರು ಎಂದು ನಿರೂಪಿಸುವ ವಾಕ್ಯ ಕಾನೂನಿನದಲ್ಲ. ರಾಷ್ಟ್ರಪತಿ ಹುದ್ದೆಗೂ ಸಣ್ಣಕ್ಷರ ಸಾಕೆನ್ನುವ ಕೈಪಿಡಿಗಳು ಅದರಿಂದ ಅಗೌರವವಾಯಿತೆಂದು ಎಣಿಸುವುದಿಲ್ಲ ಎಂಬುದನ್ನು ನಿರ್ದೇಶಕರಿಗೆ ವಿನಯದಿಂದ ತಿಳಿಸಿ ನೋಡಿ. ಸಹಿಯ ಕೆಳಗೆ ಮತ್ತು ಆಡಳಿತ ಮಂಡಳಿಯ ಪಟ್ಟಿಯಲ್ಲಿ ಹೇಗೂ ದೊಡ್ಡಕ್ಷರವಿರುತ್ತದೆ.

ಇನ್ನೊಬ್ಬ ಸದಸ್ಯರು:
‘ಮಾಜಿ’ ಎಂಬರ್ಥದ ‘ಫಾರ್ಮರ್’ ಸೇರಿದಾಗ ಈ ಎರಡು ಕೈಪಿಡಿಗಳ ದಾರಿ ಬೇರೆಯಾಗುತ್ತದೆ. ‘ಫಾರ್ಮರ್ ಪ್ರೆಸಿಡೆಂಟ್’ ಎಂದು ಬರೆದು ಮುಂದೆ ಹೆಸರು ಬಂದರೆ ಶಿಕಾಗೊದಲ್ಲಿ ‘ಪಿ’ ಸಣ್ಣದು, ಎಪಿಯಲ್ಲಿ ದೊಡ್ಡದು. ತಮ್ಮ ವರದಿಯಲ್ಲಿ ಮಾಜಿ ಅಧ್ಯಕ್ಷರ ಉಲ್ಲೇಖವಿದ್ದರೆ ಒಂದು ಕೈಪಿಡಿಯನ್ನು ಮೊದಲೇ ಆರಿಸಿಕೊಂಡು ಕರಡು ತಿದ್ದುವವರಿಗೂ ತಿಳಿಸಿಡಿ.