ಶಾಲೆಗಳಿಗೆ ಒಟ್ಟಿಗೆ ಈಮೇಲ್ ಕಳಿಸಿ ವ್ಯಾಪಾರ ಮಾಡಿದವರು ಇದ್ದೀರಾ? ಅನುಭವ ಹೇಳ್ರಿ

ಪ್ರಶ್ನೆ (ವಿಜಯಪುರ, ಲ್ಯಾಬ್ ಸಾಮಾನಿನ ವ್ಯಾಪಾರ)

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ವಿಜ್ಞಾನ ಲ್ಯಾಬಿಗೆ ಬೇಕಾದ ಸಾಮಾನು ನಮ್ಮದು. ಬೀಕರ್, ಟೆಸ್ಟ್ ಟ್ಯೂಬ್, ಲೆನ್ಸ್, ಮ್ಯಾಗ್ನೆಟ್, ಮತ್ತೆ ಎಂಟರಿಂದ ಹತ್ತನೇ ತರಗತಿಯ ಪ್ರಯೋಗಗಳಿಗೆ ಹೊಂದಿಸಿದ ಕಿಟ್. ಇಷ್ಟು ದಿನ ಬೈಕ್ ಮೇಲೆ ಕ್ಯಾಟಲಾಗ್ ಹಿಡಕೊಂಡು ಶಾಲೆ ಶಾಲೆ ತಿರುಗಿದ್ದಾಯ್ತು, ಎಷ್ಟೋ ಸಲ ಪೆಟ್ರೋಲ್ ಖರ್ಚೂ ಗಿಟ್ಟೋದಿಲ್ಲ. ಈಗ ಒಬ್ಬರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಶಾಲೆಗಳ ಈಮೇಲ್ ಪಟ್ಟಿ ಮಾರತೀನಿ ಅಂತಿದ್ದಾರೆ. ತಗೊಂಡು ಎಲ್ಲರಿಗೂ ಒಂದೇ ಸಲ ಮೇಲ್ ಬಿಡೋ ವಿಚಾರ ಇದೆ. ಉಪಯೋಗ ಆಗ್ತದಾ? ಯಾವ ತಿಂಗಳು ಒಳ್ಳೇದು? ಏನು ಬರೀಬೇಕು? ಮಾಡಿ ನೋಡಿದವರು ಹೇಳ್ರಿ.

ಬೆಳಗಾವಿ, ಪುಸ್ತಕ ವ್ಯಾಪಾರಿ

ದುಡ್ಡು ಕೊಡೋ ಮೊದಲು ಒಂದಿಪ್ಪತ್ತು ಸಾಲು ಸ್ಯಾಂಪಲ್ ಕೇಳಿ ನೋಡ್ರಿ. ಪಟ್ಟಿಯ ವಯಸ್ಸು ಅಲ್ಲೇ ಗೊತ್ತಾಗ್ತದೆ. ಊರಿನ ಕಾಲಮ್ಮಿನಲ್ಲಿ ಎಲ್ಲ ಕಡೆ ಬಿಜಾಪುರ, ಬೆಳಗಾಂ ಅಂತಲೇ ಇದ್ದರೆ ಅದು 2014ರಲ್ಲಿ ಹೆಸರು ಬದಲಾಗೋಕ್ಕಿಂತ ಹಿಂದಿನ ಮಾಲು ಇರಬಹುದು. ಆಮೇಲೆ ಹೊಸದಾಗಿ ಆದ ಇಳಕಲ್, ಗುಳೇದಗುಡ್ಡ, ತಾಳಿಕೋಟೆ, ನಿಪ್ಪಾಣಿ ತಾಲ್ಲೂಕುಗಳ ಹೆಸರೇ ಇಲ್ಲ ಅಂದರೂ ಅದೇ ಅನುಮಾನ. ರೆಡಿಫ್‌ಮೇಲ್ ವಿಳಾಸಗಳು ಸಾಲಾಗಿ ಬಂದರಂತೂ ಕೈ ಮುಗಿದು ಬಂದುಬಿಡ್ರಿ.

ನನಗೆ ಸಿಕ್ಕ ಪಟ್ಟಿಯ ಕಥೆ ಕೇಳ್ರಿ. ‘ಬೆಳಗಾವಿ ಜಿಲ್ಲೆ ಪೂರ್ತಿ’ ಅಂತ ಹೇಳಿ ಮಾರಿದ್ದರು. ಕಂದಾಯಕ್ಕೆ ನಮ್ಮದು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು: ಬೆಳಗಾವಿ ಮತ್ತು ಚಿಕ್ಕೋಡಿ. ಅಥಣಿ, ಗೋಕಾಕ, ರಾಯಬಾಗ, ಹುಕ್ಕೇರಿ ಎಲ್ಲ ಚಿಕ್ಕೋಡಿ ಡಿಡಿಪಿಐ (ಶಾಲಾ ಶಿಕ್ಷಣದ ಉಪನಿರ್ದೇಶಕರು) ಕೆಳಗೆ ಬರ್ತಾವೆ. ಆ ಪಟ್ಟಿಯಲ್ಲಿ ಅರ್ಧಕ್ಕರ್ಧ ಜಿಲ್ಲೆಯೇ ಇರಲಿಲ್ಲ. ಕೇಳಿದರೆ ಮಾರಿದವರು ಫೋನ್ ಎತ್ತಲಿಲ್ಲ.

ಅದಕ್ಕಿಂತ ನೀವೇ ಕೂತು ಮಾಡಿಕೊಳ್ಳೋದು ವಾಸಿ. ಸಿಬಿಎಸ್‌ಇ ಶಾಲೆಗಳ ಮೇಲ್, ಫೋನ್ ಮಂಡಳಿಯ ಜಾಲತಾಣದಲ್ಲೇ ಸಿಗ್ತಾವೆ. ರಾಜ್ಯ ಪಠ್ಯಕ್ರಮದ ಶಾಲೆ ಯಾವ ಆಡಳಿತದ್ದು, ಎಷ್ಟನೇ ತರಗತಿವರೆಗೆ ಇದೆ ಅನ್ನೋದು ಯುಡೈಸ್ ಪ್ಲಸ್ ಅನ್ನೋ ಸರ್ಕಾರದ ಶಾಲಾ ಮಾಹಿತಿ ಜಾಲತಾಣದಲ್ಲಿ ಸಿಗ್ತದೆ. ನಿಮಗೆ ಬೇಕಾದದ್ದು ಹೈಸ್ಕೂಲು ಮಾತ್ರ, ಕಿರಿಯ ಪ್ರಾಥಮಿಕಕ್ಕೆ ಬೀಕರ್ ಮಾರಿ ಏನು ಮಾಡತೀರಿ? ಮೇಲ್ ವಿಳಾಸ ಮಾತ್ರ ಫೋನ್ ಹಚ್ಚಿ ಕೇಳ್ರಿ. ಆ ಫೋನೇ ಅರ್ಧ ಪರಿಚಯ ಆಗಿಬಿಡ್ತದೆ.

ವಿಜಯಪುರ ಜಿಲ್ಲೆ, ಅನುದಾನಿತ ಹೈಸ್ಕೂಲಿನ ಎಸ್‌ಡಿಎ

ನಾನು ಮಾರುವವನಲ್ಲ, ಶಾಲೆಯ ಗುಮಾಸ್ತ (ಎಸ್‌ಡಿಎ ಅಂದರೆ ದ್ವಿತೀಯ ದರ್ಜೆ ಸಹಾಯಕ), ನಿಮ್ಮಂಥವರ ಮೇಲ್ ತೆಗೆಯುವವನು. ಆ ಕಡೆಯಿಂದ ಹೇಳ್ತೀನಿ.

ಮುಖ್ಯೋಪಾಧ್ಯಾಯರು ಶಾಲೆಯ ಮೇಲ್ ತೆಗೆಯೋದಿಲ್ಲ. ನಾನು ತೆಗೀತೀನಿ, ನಾನು ರಜೆ ಇದ್ದರೆ ಕಂಪ್ಯೂಟರ್ ಬರುವ ಯಾರಾದರೂ ಒಬ್ಬ ಮಾಸ್ತರು. ಬೆಳಿಗ್ಗೆ ಮೊದಲು ಹುಡುಕೋದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಬಂದದ್ದನ್ನ. ‘ಅತಿ ಜರೂರು, ಇಂದೇ ಮಾಹಿತಿ ಸಲ್ಲಿಸುವುದು’ ಅಂತ ಒಂದು ನಮೂನೆ ಇದ್ದೇ ಇರ್ತದೆ. ಅದನ್ನ ತುಂಬಿ, ಮಕ್ಕಳ ದಾಖಲೆಯ ಸ್ಯಾಟ್ಸ್ ಜಾಲತಾಣದಲ್ಲಿ ಎಂಟ್ರಿ ಮುಗಿಸಿ, ಆಮೇಲೆ ಉಳಿದದ್ದರ ಕಡೆ ಕಣ್ಣು. ‘ಡಿಯರ್ ಸರ್ ಆರ್ ಮೇಡಂ, ವಿ ಆರ್ ದ ಲೀಡಿಂಗ್ ಸಪ್ಲಾಯರ್ಸ್’ ಅಂತ ಶುರುವಾದದ್ದನ್ನ ಓದೋದೇ ಇಲ್ಲ, ಗುರುತು ಹಾಕಿ ಒಟ್ಟಿಗೆ ಅಳಿಸಿಬಿಡ್ತೀನಿ.

ಉಳಿಯೋದು ಯಾವುದು ಗೊತ್ತಾ? ಪ್ರಿಂಟ್ ತೆಗೆಯೋಕೆ ಬರುವಂಥದ್ದು. ನಮ್ಮಲ್ಲಿ ಮೇಲ್ ಅಂದರೂ ಕೊನೆಗೆ ಕಾಗದವೇ. ಉಪಯೋಗ ಇದೆ ಅನಿಸಿದರೆ ಎ4 ಹಾಳೆ ಮೇಲೆ ಪ್ರಿಂಟ್ ತೆಗೆದು, ಆವಕ ಪುಸ್ತಕದಲ್ಲಿ ನಂಬರ್ ಹಾಕಿ, ಟಪಾಲು ಫೈಲಿನಲ್ಲಿ ಸಾಹೇಬರ ಮುಂದೆ ಇಡ್ತೀನಿ. ಅವರು ಅಂಚಿನಲ್ಲಿ ‘ವಿಜ್ಞಾನ ಶಿಕ್ಷಕರು ಗಮನಿಸಿ’ ಅಂತ ಹಸಿರು ಶಾಯಿಯಲ್ಲಿ ಬರೆದು ಸಣ್ಣ ಸಹಿ ಮಾಡ್ತಾರೆ. ಆ ಹಾಳೆ ಸ್ಟಾಫ್ ರೂಮಿಗೆ ಹೋಗ್ತದೆ. ನಮ್ಮ ವಿಜ್ಞಾನದ ಅಕ್ಕೋರು ಬೇಕಾದ ಸಾಮಾನಿಗೆ ಪೆನ್ಸಿಲ್ಲಿನಿಂದ ಟಿಕ್ ಹಾಕಿ, ಪಕ್ಕದಲ್ಲಿ ಎಷ್ಟು ಬೇಕು ಅಂತ ಬರೀತಾರೆ. ಅಲ್ಲಿಂದ ಅದು ಸಂಸ್ಥೆಯ ಆಫೀಸಿಗೆ. 1906ರ ಬಿವಿವಿ ಸಂಘ, 1910ರ ಬಿಎಲ್‌ಡಿಇ, 1916ರ ಕೆಎಲ್‌ಇಯಿಂದ ಹಿಡಿದು ಊರಿಗೊಂದು ವಿದ್ಯಾಸಂಸ್ಥೆ ಕಟ್ಟಿದ ಸೀಮೆ ನಮ್ಮದು. ಸಂಸ್ಥೆ ಶಾಲೆಗಳಲ್ಲಿ ದೊಡ್ಡ ಖರೀದಿ ಸಾಮಾನ್ಯವಾಗಿ ಹೆಡ್‌ಮಾಸ್ತರ ಕೈಯಲ್ಲಿ ಇರೋದಿಲ್ಲ, ಆಡಳಿತ ಮಂಡಳಿ ಕೈಯಲ್ಲಿ ಇರ್ತದೆ.

ಅಂದ್ರೆ ನಿಮ್ಮ ಮೇಲ್ ಓದೋನು ಬೇರೆ, ಸಾಮಾನು ಬೇಕಾದೋರು ಬೇರೆ, ದುಡ್ಡು ಕೊಡೋರು ಬೇರೆ. ಈ ಮೂವರ ಮೇಜಿಗೂ ನಡಕೊಂಡು ಹೋಗುವಂಥ ಒಂದೇ ಒಂದು ಹಾಳೆ ಕಳಿಸ್ರಿ. ಕಪ್ಪು ಹಿನ್ನೆಲೆಯ ಬಣ್ಣಬಣ್ಣದ ನಲವತ್ತು ಪುಟದ ಕ್ಯಾಟಲಾಗ್ ಕಳಿಸಿದರೆ ನಮ್ಮ ಪ್ರಿಂಟರಿನ ಟೋನರ್ ಯಾರು ತುಂಬಿಸ್ತಾರೆ? ‘ಇಲ್ಲಿ ಒತ್ತಿ’ ಅಂತ ಲಿಂಕ್ ಕೊಟ್ಟರೆ ಯಾರೂ ಒತ್ತೋದಿಲ್ಲ. ಗೊತ್ತಿಲ್ಲದ ಲಿಂಕ್ ಮುಟ್ಟಬೇಡಿ ಅಂತ ಬ್ಯಾಂಕಿನವರು, ಪೊಲೀಸರು ದಿನಾ ಹೇಳ್ತಿರುವಾಗ ನಿಮ್ಮ ಲಿಂಕನ್ನ ನಂಬೋದು ಹೆಂಗ?

ಇನ್ನೊಂದು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್‌ಗೆ ಹಾಗೇ ಅಂಟಿಸಬೇಡ್ರಿ. ನಮಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣ್ತದೆ. ಯೂನಿಕೋಡಿನಲ್ಲಿ ಬರೀರಿ, ಇಲ್ಲಾ ಪಿಡಿಎಫ್ ಮಾಡ್ರಿ.

ಮುಧೋಳ, ಆಟದ ಸಾಮಾನು

ಏನ್ ಮೇಲ್ ರೀ. ನಮ್ಮ ಕಡೆ ಸರ್ಕಾರಿ ಸಾಲಿ ಮೇಲ್ ತಗಿಯೂದು ಪಾಸ್‌ವರ್ಡ್ ಮರತಾಗ ಅಷ್ಟ. ವಾಲಿಬಾಲು, ನೆಟ್ಟು ಹಿಡ್ಕೊಂಡು ಪಿಇ ಮಾಸ್ತರ ಮುಂದ ನಿಂತ್ರ ಆಗೂ ವ್ಯಾಪಾರ ಮೇಲ್‌ನ್ಯಾಗ ಆಗೂದಿಲ್ಲ. ತಾಲೂಕ ಕ್ರೀಡಾಕೂಟಕ್ಕ ಹೋಗ್ರಿ, ಎಲ್ಲಾ ಸಾಲಿಯವರು ಒಂದ ಕಡೆ ಸಿಗತಾರ.

ಬೆಳಗಾವಿ, ವೆಬ್‌ಸೈಟ್ ಮತ್ತು ಮೇಲ್ ಕೆಲಸ

ಮುಧೋಳದ ಅಣ್ಣಾವ್ರು ಹೇಳಿದ್ದರಲ್ಲಿ ಸತ್ಯ ಇದೆ. ಡೈಸ್ ಕೋಡ್ (ಸರ್ಕಾರ ಪ್ರತಿ ಶಾಲೆಗೆ ಕೊಟ್ಟ ಸಂಖ್ಯೆ) ಸೇರಿಸಿ ಮಾಡಿದ ಶಾಲೆಯ ಜಿಮೇಲ್ ಎಷ್ಟೋ ಕಡೆ ಯಾರೋ ಒಬ್ಬ ಶಿಕ್ಷಕರ ಮೊಬೈಲಿನಲ್ಲಿ ಲಾಗಿನ್ ಆಗಿರ್ತದೆ. ಆ ಮೊಬೈಲಿನ ಫೋಟೊ, ವಿಡಿಯೊ ಎಲ್ಲ ಅದೇ ಖಾತೆಗೆ ಸೇರಿ 15 ಜಿಬಿ ತುಂಬಿದರೆ ಹೊಸ ಮೇಲ್ ಒಳಗೇ ಹೋಗೋದಿಲ್ಲ. ಅವರು ವರ್ಗವಾಗಿ ಹೋದ ಮೇಲೆ ಯಾರೂ ತೆರೆಯದಿದ್ದರೆ ಇನ್ನೊಂದು ಕಂಟಕ: ಎರಡು ವರ್ಷ ಮುಟ್ಟದ ಖಾತೆಗಳನ್ನ ಗೂಗಲ್ 2023ರ ಡಿಸೆಂಬರಿನಿಂದ ಅಳಿಸ್ತಾ ಬಂದಿದೆ. ಹಳೇ ಪಟ್ಟಿಗೆ ಕಳಿಸಿದಾಗ ಮೇಲ್ ರಾಶಿರಾಶಿ ವಾಪಸ್ ಬರೋದು ಇದಕ್ಕೇ. ಹಾಗೆ ವಾಪಸ್ ಬಂದಷ್ಟೂ ಕಳಿಸಿದವರ ಹೆಸರು ಕೆಡ್ತದೆ, ಆಮೇಲೆ ಸರಿಯಾದ ವಿಳಾಸಕ್ಕೆ ಕಳಿಸಿದ್ದೂ ಸ್ಪ್ಯಾಮಿಗೆ ಬೀಳ್ತದೆ. ಆದ್ದರಿಂದ ‘ಎಲ್ಲರಿಗೂ ಒಂದೇ ಸಲ’ ಅನ್ನೋ ವಿಚಾರ ಬಿಡಿ.

ಮಾಮೂಲಿ ಜಿಮೇಲಿನಿಂದ ದಿನಕ್ಕೆ 500 ಜನಕ್ಕೆ ಮಾತ್ರ ಕಳಿಸಬಹುದು, ದುಡ್ಡು ಕೊಟ್ಟು ತಗೊಂಡ ಗೂಗಲ್ ವರ್ಕ್‌ಸ್ಪೇಸಿನಲ್ಲಿ 2000. ಮಿತಿ ಇದೆ ಅಂತ ಮೊದಲ ದಿನವೇ ಅಷ್ಟೂ ಬಿಡಬೇಡಿ. ದಿನಕ್ಕೆ ಮೂವತ್ತು ನಲವತ್ತರಿಂದ ಶುರು ಮಾಡಿ ನಿಧಾನ ಏರಿಸಿ. ಅಂಗಡಿ ಹೆಸರಿನಲ್ಲೇ ಒಂದು ಡೊಮೇನ್ ತಗೊಂಡು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಹೊಂದಿಸಿಕೊಳ್ಳಿ. ಈ ಮೇಲ್ ನಿಜವಾಗಿ ನಿಮ್ಮ ಕಡೆಯಿಂದಲೇ ಬಂದದ್ದು, ದಾರಿಯಲ್ಲಿ ತಿದ್ದಿಲ್ಲ ಅಂತ ಖಾತ್ರಿ ಕೊಡುವ ವ್ಯವಸ್ಥೆ ಅದು. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇದನ್ನ ಕಡ್ಡಾಯ ಮಾಡಿವೆ. ಒಂದೇ ಒತ್ತಿಗೆ ‘ಇನ್ನು ಕಳಿಸಬೇಡಿ’ ಅನ್ನೋ ಸೌಲಭ್ಯವನ್ನೂ ಹಾಗೆ ಕಳಿಸುವವರು ಕೊಡಬೇಕು, ಸ್ಪ್ಯಾಮ್ ಅಂತ ದೂರು ಶೇ 0.3 ಮುಟ್ಟಬಾರದು. ನಿಮ್ಮದು ಅಷ್ಟು ದೊಡ್ಡ ಲೆಕ್ಕ ಅಲ್ಲ, ಆದರೂ ಇದೇ ಶಿಸ್ತು ಇಟ್ಟುಕೊಂಡರೆ ಮೇಲ್ ಮುಟ್ಟುವ ಸಂಭವ ಹೆಚ್ಚು.

ಎಲ್ಲ ಶಾಲೆಯ ವಿಳಾಸವನ್ನ ‘ಟು’ ಜಾಗದಲ್ಲಿ ಸುರಿದು ಕಳಿಸುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಒಬ್ಬರು ‘ರಿಪ್ಲೈ ಆಲ್’ ಒತ್ತಿದರೆ ಜಾತ್ರೆಯೇ. ವಿಳಾಸ ಮುಚ್ಚಿಡುವ ಬಿಸಿಸಿಗಿಂತಲೂ ಒಬ್ಬೊಬ್ಬರಿಗೆ ಬೇರೆ ಬೇರೆ ಮೇಲ್ ಮಾಡಿಕೊಡುವ ಮೇಲ್ ಮರ್ಜ್ ಒಳ್ಳೇದು, ಪ್ರತಿ ಮೇಲ್‌ನಲ್ಲಿ ಆಯಾ ಶಾಲೆಯ ಹೆಸರು, ಊರು ತಾನೇ ಬರ್ತದೆ.

ಪ್ರಶ್ನೆ ಕೇಳಿದವರು

ಹಂಗಾದ್ರೆ ವಾಟ್ಸಾಪ್, ಎಸ್ಸೆಮ್ಮೆಸ್ ಸಲೀಸಲ್ವಾ? ಪೋಷಕರ ಮೊಬೈಲ್ ನಂಬರಿನ ಪಟ್ಟಿಯೂ ಆ ಪಟ್ಟಿ ಮಾರೋರ ಹತ್ತಿರ ಇದೆಯಂತೆ.

ಬೆಳಗಾವಿ, ವೆಬ್‌ಸೈಟ್ ಮತ್ತು ಮೇಲ್ ಕೆಲಸ

ಪೋಷಕರ ಪಟ್ಟಿ ಮುಟ್ಟಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಶಾಲೆಯ ಕಚೇರಿ ವಿಳಾಸಕ್ಕೆ ಪತ್ರ ಬರೆಯೋದು ಬೇರೆ, ಒಪ್ಪಿಗೆ ಇಲ್ಲದೆ ಎತ್ತಿಕೊಂಡು ಬಂದ ಮನೆಮಂದಿಯ ನಂಬರು ಬೇರೆ. ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಮೊಬೈಲ್ ಕಂಪನಿಗಳ ಡಿಎಲ್‌ಟಿ ಅನ್ನೋ ನೋಂದಣಿ ವ್ಯವಸ್ಥೆಯಲ್ಲಿ ಹೆಸರು, ಸಂದೇಶದ ಮಾದರಿ ಎರಡೂ ನೋಂದಣಿ ಆಗಬೇಕು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಹಿಡೀತಾರೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪ್ತದೆ. ಒಂದು ಸಲ ಖರೀದಿ ಮಾಡಿದ ಶಾಲೆಗೆ ವಾಟ್ಸಾಪ್ ಸರಿ, ಹೊಸಬರಿಗಲ್ಲ.

ಜಮಖಂಡಿ, ನಿವೃತ್ತ ಮುಖ್ಯೋಪಾಧ್ಯಾಯರು

ಯಾವ ತಿಂಗಳು ಎಂದು ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ತಿಂಗಳಿಗಿಂತ ಮೊದಲು ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಿ.

ಸರ್ಕಾರಿ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯ ಅಡಿಯಲ್ಲಿ ಬರುವ ಶಾಲಾ ಅನುದಾನಕ್ಕೆ ಮಕ್ಕಳ ಸಂಖ್ಯೆಯೇ ಆಧಾರ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1000ದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಹೋಗಬೇಕು. ಉಳಿದದ್ದರಲ್ಲಿ ಕರೆಂಟು ಬಿಲ್ಲು, ಸೀಮೆಸುಣ್ಣ, ನೀರು, ಸಣ್ಣಪುಟ್ಟ ರಿಪೇರಿ, ಆಮೇಲೆ ನಿಮ್ಮ ಬೀಕರು. ಇನ್ನೂರು ಮಕ್ಕಳ ಹೈಸ್ಕೂಲಿಗೆ ನಲವತ್ತು ಸಾವಿರದ ಕಿಟ್ ತೋರಿಸಿದರೆ ಆ ಮುಖ್ಯೋಪಾಧ್ಯಾಯ ನಕ್ಕು ಸುಮ್ಮನಾಗುತ್ತಾನೆ. ಮೂರು ಸಾವಿರ, ಆರು ಸಾವಿರದ ಸಣ್ಣ ಕಟ್ಟು ಮಾಡಿ, ಬಿಡಿ ಸಾಮಾನಿನ ದರವನ್ನೂ ಕೊಡಿ. ಒಡೆದ ಟೆಸ್ಟ್ ಟ್ಯೂಬಿಗೆ ಬದಲಿ ತರಲು ಯಾರೂ ಪೂರ್ತಿ ಕಿಟ್ ಕೊಳ್ಳುವುದಿಲ್ಲ.

ಖರ್ಚು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಗೆ ಬರಬೇಕು, ಕೊಟೇಶನ್‌ಗಳು ಫೈಲಿನಲ್ಲಿ ಇರಬೇಕು. ದೊಡ್ಡ ಮೊತ್ತವಾದರೆ ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್. ನವೋದಯ, ಕೇಂದ್ರೀಯ ವಿದ್ಯಾಲಯಗಳ ದಾರಿಯೇ ಬೇರೆ, ಅಲ್ಲಿ ಕೇಂದ್ರ ಸರ್ಕಾರದ ಖರೀದಿ ತಾಣವಾದ ಜೆಮ್ ಪೋರ್ಟಲ್. ಅದರಲ್ಲಿ ನೋಂದಣಿ ಇಲ್ಲದೆ ಅವರಿಗೆ ಮೇಲ್ ಕಳಿಸುವುದು ಸುಮ್ಮನೆ ಶ್ರಮ.

ಈಗ ತಿಂಗಳು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೈಸ್ಕೂಲಿಗೆ ಏನನ್ನೂ ಕಳಿಸಬೇಡಿ, ಎಸ್ಎಸ್ಎಲ್‌ಸಿ ಬಿಟ್ಟರೆ ಬೇರೆ ಲೋಕವೇ ಇರುವುದಿಲ್ಲ. ಆದರೆ ಮಾರ್ಚ್ 31ರೊಳಗೆ ಅನುದಾನ ಖರ್ಚು ಮಾಡಿ ಹಣ ಬಳಕೆ ಪ್ರಮಾಣಪತ್ರ ಕೊಡುವ ಒತ್ತಡವೂ ಅದೇ ಹೊತ್ತಿಗೆ ಬರುತ್ತದೆ. ಆಗ ಹೊಸ ವ್ಯಾಪಾರಿಯನ್ನು ಹುಡುಕಲು ಯಾರಿಗೂ ಪುರುಸೊತ್ತಿಲ್ಲ, ಫೈಲಿನಲ್ಲಿ ಈಗಾಗಲೇ ಇರುವ ಹಾಳೆಯನ್ನೇ ತೆಗೆಯುತ್ತಾರೆ. ಹಾಗಾಗಿ ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ನಿಮ್ಮ ದರಪಟ್ಟಿ ಹೋಗಿ ಕೂತಿರಲಿ. ಫೆಬ್ರವರಿ 28ರ ವಿಜ್ಞಾನ ದಿನದ ನೆಪವೂ ಸಿಗುತ್ತದೆ. ಎರಡನೆಯ ಸಲ ಜೂನ್ ಮಧ್ಯಕ್ಕೆ, ದಾಖಲಾತಿ ಗಲಾಟೆ ಇಳಿದ ಮೇಲೆ. ಖಾಸಗಿ ಶಾಲೆಗಳಿಗೆ ಮಾತ್ರ ಅದು ತಡವಾದೀತು, ಅವರ ಹೊಸ ವರ್ಷದ ಖರೀದಿ ಬೇಸಿಗೆಯಲ್ಲೇ ಮುಗಿದಿರುತ್ತದೆ.

ಖಾನಾಪುರ ತಾಲ್ಲೂಕು, ಶಿಕ್ಷಕಿ

ಒಂದು ಮಾತು ಸೇರಿಸ್ತೀನಿ. ನಮ್ಮ ಕಡೆ, ಬೆಳಗಾವಿ ನಗರ, ನಿಪ್ಪಾಣಿ ಭಾಗದಲ್ಲಿ ಮರಾಠಿ ಮಾಧ್ಯಮ ಶಾಲೆಗಳು ಬಹಳ ಇವೆ, ವಿಜಯಪುರದಲ್ಲಿ ಉರ್ದು ಮಾಧ್ಯಮದವು. ಕಚೇರಿ ಪತ್ರ ಕನ್ನಡದಲ್ಲೇ ನಡೀತದೆ, ಆದರೆ ಪ್ರಯೋಗದ ಕೈಪಿಡಿ ಆಯಾ ಮಾಧ್ಯಮದಲ್ಲಿ ಸಿಗ್ತದೋ ಇಲ್ವೋ ಅನ್ನೋದನ್ನ ಮೇಲ್‌ನಲ್ಲೇ ಹೇಳಿಬಿಡಿ. ಕಿಟ್ ಬಂದ ಮೇಲೆ ಇಂಗ್ಲಿಷ್ ಕೈಪಿಡಿ ಒಂದೇ ಕಂಡರೆ ಅದು ಕಪಾಟಿಗೇ ಹೋಗ್ತದೆ, ಮುಂದಿನ ವರ್ಷ ನಿಮ್ಮನ್ನ ಯಾರೂ ಕರೆಯೋದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪಟ್ಟಿ ಖರೀದಿ ಬಿಟ್ಟೆ. ಮೊದಲು ಸಿಂದಗಿ, ಇಂಡಿ ತಾಲ್ಲೂಕಿನ ಹೈಸ್ಕೂಲಿಗೆ ಫೋನ್ ಮಾಡಿ ವಿಳಾಸ ಕೂಡಿಸ್ತೀನಿ. ಮೇಲ್‌ನ ವಿಷಯದ ಸಾಲು ಹೀಗೆ ಬರೆದೀನಿ, ನೋಡ್ರಿ: ‘ಅದ್ಭುತ ವಿಜ್ಞಾನ ಕಿಟ್‌ಗಳು! ಶಾಲೆಗಳಿಗೆ ವಿಶೇಷ ರಿಯಾಯಿತಿ! ಇಂದೇ ಸಂಪರ್ಕಿಸಿ!’

ವಿಜಯಪುರ ಜಿಲ್ಲೆ, ಅನುದಾನಿತ ಹೈಸ್ಕೂಲಿನ ಎಸ್‌ಡಿಎ

ಸೀರೆ ಅಂಗಡಿ ಬೋರ್ಡ್ ಆಯ್ತಲ್ರೀ ಇದು. ಆ ಆಶ್ಚರ್ಯ ಚಿಹ್ನೆ ಎಲ್ಲ ತೆಗೀರಿ. ಹೀಗೆ ಬರೀರಿ: ‘8ರಿಂದ 10ನೇ ತರಗತಿ ವಿಜ್ಞಾನ ಪ್ರಯೋಗ ಸಾಮಗ್ರಿ ದರಪಟ್ಟಿ, ಇಂಡಿ ತಾಲ್ಲೂಕು ಪ್ರೌಢಶಾಲೆಗಳಿಗೆ’. ಕೆಳಗೆ ‘ಮಾನ್ಯ ಮುಖ್ಯೋಪಾಧ್ಯಾಯರಿಗೆ’ ಅಂತ ಶುರು ಮಾಡಿ, ನೀವು ಯಾರು, ಅಂಗಡಿ ಎಲ್ಲಿದೆ ಅಂತ ಎರಡು ಸಾಲು. ಒಂದು ಪುಟದ ಪಿಡಿಎಫ್‌ನಲ್ಲಿ ಲೆಟರ್‌ಹೆಡ್, ಜಿಎಸ್‌ಟಿ ನಂಬರ್, ತೆರಿಗೆ ಸೇರಿಸಿದ ದರ, ದರ ಎಲ್ಲಿವರೆಗೆ ನಡೀತದೆ ಅನ್ನೋ ತಾರೀಖು, ಸಹಿ, ಶಿಕ್ಕಾ. ಶಿಕ್ಕಾ ಇಲ್ಲದ ಕೊಟೇಶನ್ ಆಡಿಟಿನಲ್ಲಿ ನಿಲ್ಲೋದಿಲ್ಲ. ಬಲಗಡೆ ಒಂದು ಖಾಲಿ ಕಾಲಮ್ ಬಿಡ್ರಿ, ಎಷ್ಟು ಬೇಕು ಅಂತ ಬರೆಯೋಕೆ. ಸೋಮವಾರ ಬೇಡ, ಶನಿವಾರ ಬೆಳಗಿನ ಶಾಲೆ, ಅವತ್ತೂ ಬೇಡ. ಮಂಗಳವಾರ, ಬುಧವಾರ ಮಧ್ಯಾಹ್ನ ಎರಡರ ಮೇಲೆ ಕಳಿಸಿದರೆ ಅವತ್ತೇ ಪ್ರಿಂಟ್ ಆಗ್ತದೆ.

ವಾರ ಬಿಟ್ಟು ಫೋನ್ ಮಾಡಿದಾಗ ‘ಮೇಲ್ ನೋಡಿದ್ರಾ ಸರ’ ಅಂತ ಕೇಳಬೇಡ್ರಿ, ಎಲ್ಲರೂ ‘ನೋಡ್ತೀವಿ’ ಅಂತಾರೆ. ‘ವಿಜ್ಞಾನದ ಸರ್‌ಗೆ ಹಾಳೆ ಮುಟ್ಟಿದೆಯಾ’ ಅಂತ ಕೇಳ್ರಿ.