ಪುಟ್ಟಿಯ ಪ್ರಾಜೆಕ್ಟಿಗೆ ದೊಡ್ಡಪ್ಪನ ಉತ್ತರ: ಅಂ, ಅಃ ಅದಲುಬದಲಾದಾಗ

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ನಿಧಾನವಾಗಿ ಓದಿದೆ. ಸಂದೇಶ ಸ್ವಲ್ಪ ಉದ್ದವಾಗುತ್ತದೆ, ಪುಸ್ತಕ ಪೆನ್ನು ಹತ್ತಿರ ಇಟ್ಟುಕೊಂಡು ಕೇಳು. ಐದನೆಯ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆಂದು ನೀವು ನಾಲ್ವರು, ನಾಲ್ಕು ಸಾಲಿನ ಹದಿನಾರು ಮನೆಗಳಲ್ಲಿ ಒಂದನ್ನು ಖಾಲಿ ಬಿಟ್ಟು, ಹದಿನೈದು ಬಿಲ್ಲೆಗಳನ್ನು ಆ ಖಾಲಿ ಮನೆಗೆ ಒಂದೊಂದಾಗಿ ಸರಿಸುತ್ತಾ ಕ್ರಮವಾಗಿ ಜೋಡಿಸುವ ಹಳೆಯ ಆಟವನ್ನು ಆರಿಸಿಕೊಂಡಿದ್ದೀರಿ. ಇದರಲ್ಲಿ ಹೊಸದೇನಿದೆ ಎಂದು ನಿಮ್ಮ ಗೈಡ್ ಮೇಡಂ ಕೇಳಿದ್ದಾರೆ, ಸೋಮವಾರದೊಳಗೆ ಉತ್ತರ ಬೇಕು. ಭಾವನವರು ಅದನ್ನು ತ್ರೀಡಿ ಮಾಡಿ ಎಂದಿದ್ದಾರೆ, ನಿನ್ನ ಅಣ್ಣ ಅದನ್ನು ಕೈಬಿಟ್ಟು ಟೆಟ್ರಿಸ್ ಮಾಡಿ ಎಂದಿದ್ದಾನೆ. ಈ ಗದ್ದಲದಲ್ಲಿ ನಿಮ್ಮಜ್ಜಿ ಕಳಿಸಿದ ಫೋಟೊವನ್ನು ಯಾರೂ ಗಮನಿಸಿದಂತಿಲ್ಲ.

ನೀನು ಆಡಿ ನೋಡಲೆಂದು ಕೊಟ್ಟ ಆಟ ಅಜ್ಜಿಯ ಫೋನಿನಲ್ಲಿ ಹದಿಮೂರರವರೆಗೆ ಸರಿಯಾಗಿ ಜೋಡಣೆಯಾಗಿದೆ. ಕೊನೆಯ ಸಾಲಿನಲ್ಲಿ ಮಾತ್ರ 13, 15, 14, ಆಮೇಲೆ ಖಾಲಿ ಮನೆ. ಎರಡು ದಿನದಿಂದ ಇಲ್ಲಿಗೇ ಬಂದು ನಿಲ್ಲುತ್ತಿದೆ, ನನಗೆ ವಯಸ್ಸಾಯಿತು ಎಂದು ಕೆಳಗೆ ಬರೆದಿದ್ದಾರೆ. ಅವರಿಗೆ ವಯಸ್ಸಾಗಿರುವುದು ನಿಜವಾದರೂ ತಪ್ಪು ಅವರದಲ್ಲ. ಆ ಆಟ ಯಾರು ಆಡಿದರೂ ಬಗೆಹರಿಯುವುದಿಲ್ಲ, ಮತ್ತು ನಿಮ್ಮ ಮೇಡಂ ಕೇಳಿದ ಹೊಸದು ಆ ಫೋಟೊದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ನೀವು ಹದಿನೈದು ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು, ಇಸ್ಪೀಟು ಕಲಸಿದ ಹಾಗೆ ಕಲಸಿ ಮನೆಗಳಲ್ಲಿ ಕೂರಿಸಿದ್ದೀರಿ ಎಂದು ಊಹಿಸುತ್ತೇನೆ. ಹಾಗೆ ಕೂರಿಸಿದಾಗ ಬರುವ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟು ಬಗೆಹರಿಯುವಂಥವು, ಉಳಿದರ್ಧ ಎಂದಿಗೂ ಬಗೆಹರಿಯದವು. ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ಕಿನ ಆಟದ ಬಿಲ್ಲೆಗಳನ್ನು ಉಗುರಿನಿಂದ ಎಬ್ಬಿಸಿ, ಮನಸ್ಸಿಗೆ ಬಂದಂತೆ ಮತ್ತೆ ಒತ್ತಿಬಿಡುತ್ತಿದ್ದೆವು. ಆಮೇಲೆ ಆಟ ಕೆಟ್ಟುಹೋಯಿತೆಂದು ಅಳುತ್ತಿದ್ದವನು ನಿಮ್ಮಪ್ಪ. ಅದು ಕೆಟ್ಟದ್ದು ಏಕೆಂದು ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ.

ಕಾರಣವನ್ನು ಹೇಳುತ್ತೇನೆ, ಬರೆದುಕೊ. ಬಿಲ್ಲೆಗಳನ್ನು ಮೇಲಿನ ಸಾಲಿನಿಂದ ಎಡದಿಂದ ಬಲಕ್ಕೆ ಒಂದೇ ಸಾಲೆಂಬಂತೆ ಓದುತ್ತಾ ಹೋಗು. ದೊಡ್ಡ ಸಂಖ್ಯೆಯೊಂದು ಚಿಕ್ಕ ಸಂಖ್ಯೆಗಿಂತ ಮೊದಲು ಬಂದಿದ್ದರೆ ಅದನ್ನು ಹಿಂದುಮುಂದಾದ ಒಂದು ಜೋಡಿ ಎಂದು ಎಣಿಸು. ಅದಕ್ಕೆ ಖಾಲಿ ಮನೆ ಕೆಳಗಿನಿಂದ ಎಷ್ಟನೆಯ ಸಾಲಿನಲ್ಲಿದೆ ಎಂಬುದನ್ನು ಕೂಡಿಸು. ಆಟ ಮುಗಿದ ಸ್ಥಿತಿಯಲ್ಲಿ ಹಿಂದುಮುಂದಾದ ಜೋಡಿ ಸೊನ್ನೆ, ಖಾಲಿ ಮನೆ ಮೊದಲನೆಯ ಸಾಲಿನಲ್ಲಿ, ಒಟ್ಟು ಒಂದು, ಅಂದರೆ ಬೆಸ. ಈಗ ಒಂದು ಬಿಲ್ಲೆಯನ್ನು ಅಡ್ಡಲಾಗಿ ಸರಿಸಿದರೆ ಓದುವ ಕ್ರಮದಲ್ಲಿ ಏನೂ ಬದಲಾಗುವುದಿಲ್ಲ. ಮೇಲಕ್ಕೋ ಕೆಳಕ್ಕೋ ಸರಿಸಿದರೆ ಆ ಬಿಲ್ಲೆ ಓದುವ ಕ್ರಮದಲ್ಲಿ ಬೇರೆ ಮೂರು ಬಿಲ್ಲೆಗಳನ್ನು ದಾಟುತ್ತದೆ. ಆದ್ದರಿಂದ ಜೋಡಿಗಳ ಎಣಿಕೆ ಒಂದರಷ್ಟು ಅಥವಾ ಮೂರರಷ್ಟು ಏರುತ್ತದೆ ಇಲ್ಲವೇ ಇಳಿಯುತ್ತದೆ, ಜೊತೆಗೆ ಖಾಲಿ ಮನೆಯ ಸಾಲೂ ಒಂದರಷ್ಟು ಬದಲಾಗುತ್ತದೆ. ಎರಡೂ ಬೆಸವಾಗಿ ಬದಲಾಗುವುದರಿಂದ ಒಟ್ಟು ಮೊತ್ತ ಬೆಸವಾಗಿದ್ದರೆ ಬೆಸವಾಗಿಯೇ, ಸಮವಾಗಿದ್ದರೆ ಸಮವಾಗಿಯೇ ಉಳಿಯುತ್ತದೆ. ಅಜ್ಜಿಯ ಫೋಟೊದಲ್ಲಿ ಹಿಂದುಮುಂದಾದ ಜೋಡಿ ಒಂದು, ಖಾಲಿ ಮನೆ ಮೊದಲನೆಯ ಸಾಲಿನಲ್ಲಿ, ಒಟ್ಟು ಎರಡು. ಎರಡು ದಿನವಲ್ಲ, ಎರಡು ವರ್ಷ ಸರಿಸಿದರೂ ಅದು ಬೆಸವಾಗುವುದಿಲ್ಲ.

ಈ ಪ್ರಸಂಗ ಹೊಸದೇನಲ್ಲ. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಎಂಬ ಊರಿನ ಪೋಸ್ಟ್‌ಮಾಸ್ಟರ್ ನೋಯ್ಸ್ ಚಾಪ್‌ಮನ್ ಎಂಬುವರಿಂದ ಹೊರಟ ಈ ಆಟವನ್ನು ಹಾರ್ಟ್‌ಫರ್ಡಿನ ಕಿವುಡರ ಶಾಲೆಯ ವಿದ್ಯಾರ್ಥಿಗಳು ತಯಾರಿಸತೊಡಗಿದರು, ಅಂದರೆ ಇದು ಮೊದಲಿನಿಂದಲೂ ವಿದ್ಯಾರ್ಥಿಗಳ ಪ್ರಾಜೆಕ್ಟೇ. 1880ರಲ್ಲಿ ಅಮೆರಿಕ, ಯುರೋಪುಗಳಿಗೆ ಇದರ ಹುಚ್ಚು ಹಿಡಿಯಿತು. ಒಗಟುಗಳ ವ್ಯಾಪಾರಿ ಸ್ಯಾಮ್ ಲಾಯ್ಡ್ ಮುಂದೆ 1891ರಿಂದ ಈ ಆಟ ತನ್ನದೇ ಎಂದು ಹೇಳಿಕೊಂಡು ತಿರುಗಿದ. 14 ಮತ್ತು 15 ಅದಲುಬದಲಾದ ಜೋಡಣೆಯನ್ನು ಬಿಡಿಸಿದವರಿಗೆ ಸಾವಿರ ಡಾಲರ್ ಬಹುಮಾನವನ್ನೂ ಸಾರಿದ. ಅದು ಯಾರಿಗೂ ಸಿಗುವಂತಿರಲಿಲ್ಲ, ಏಕೆಂದರೆ ಜಾನ್ಸನ್ ಮತ್ತು ಸ್ಟೋರಿ ಎಂಬ ಇಬ್ಬರು ಗಣಿತಜ್ಞರು 1879ರಲ್ಲಿಯೇ ಅದು ಅಸಾಧ್ಯವೆಂದು ಅಮೆರಿಕದ ಗಣಿತ ಪತ್ರಿಕೆಯೊಂದರಲ್ಲಿ ಸಾಧಿಸಿ ತೋರಿಸಿದ್ದರು. ಲಾಯ್ಡನ ಹಣದ ಚೀಲ ಬಹಳ ಕ್ಷೇಮವಾಗಿತ್ತು.

ಹಾಗಾದರೆ ಮೊದಲು ಮಾಡಬೇಕಾದ ಕೆಲಸ ಸುಲಭದ್ದು. ಕಲಸಿದ ಮೇಲೆ ಆ ಮೊತ್ತವನ್ನು ಲೆಕ್ಕ ಹಾಕಿ, ಸಮ ಬಂದರೆ ಖಾಲಿ ಮನೆಯನ್ನು ಮುಟ್ಟದೆ ಯಾವುದಾದರೂ ಎರಡು ಬಿಲ್ಲೆಗಳನ್ನು ಪರಸ್ಪರ ಬದಲಿಸಿಬಿಡಿ. ಆದರೆ ನೀವು ಇಷ್ಟಕ್ಕೇ ನಿಲ್ಲಿಸಿದರೆ ನನಗೆ ಬೇಸರವಾಗುತ್ತದೆ. ತಪ್ಪನ್ನು ತಿದ್ದಿ ಮುಚ್ಚಿಹಾಕುವ ಬದಲು ಅದನ್ನೇ ಆಟ ಮಾಡಿ. ಬೇಕೆಂದೇ ಅರ್ಧದಷ್ಟು ಬಾರಿ ಬಗೆಹರಿಯದ ಜೋಡಣೆಯನ್ನು ಕೊಡಿ, ಆಟಗಾರ ಬಿಲ್ಲೆಗೆ ಬೆರಳು ತಾಗಿಸುವ ಮೊದಲು ಇದು ಬಗೆಹರಿಯುತ್ತದೆಯೋ ಇಲ್ಲವೋ ಎಂದು ಹೇಳಬೇಕು. ಬಗೆಹರಿಯುತ್ತದೆ ಎಂದರೆ ಆಡಿ ತೋರಿಸಬೇಕು, ಇಲ್ಲ ಎಂದರೆ ಹಿಂದುಮುಂದಾದ ಜೋಡಿಗಳನ್ನು ಗುರುತಿಸಿ ತೋರಿಸಬೇಕು. ಇಂಥ ಆಟವನ್ನು ನಾನು ಎಲ್ಲಿಯೂ ಆಡಿಲ್ಲ, ಆಡಲು ಆಸೆಯಿದೆ.

ಇದನ್ನು ನಾಲ್ಕು ಸಾಲಿನ ಆಟದಿಂದ ಆರಂಭಿಸಬೇಡಿ. ಹದಿನೈದು ಬಿಲ್ಲೆಗಳಲ್ಲಿ 105 ಜೋಡಿಗಳನ್ನು ನೋಡಬೇಕು, ಮಕ್ಕಳು ಫೋನು ಕೆಳಗಿಟ್ಟು ಎದ್ದುಹೋಗುತ್ತಾರೆ. ಮೂರು ಸಾಲಿನ ಎಂಟು ಬಿಲ್ಲೆಯ ಆಟದಲ್ಲಿ 28 ಜೋಡಿ ಮಾತ್ರ, ನಿಯಮವೂ ಸರಳ: ಮೇಲೆ ಕೆಳಗೆ ಸರಿಸಿದಾಗ ಬಿಲ್ಲೆ ಎರಡನ್ನು ಮಾತ್ರ ದಾಟುವುದರಿಂದ ಖಾಲಿ ಮನೆಯ ಸಾಲನ್ನು ಮರೆತು, ಜೋಡಿಗಳ ಎಣಿಕೆ ಸಮವಾಗಿದೆಯೇ ಎಂದಷ್ಟೇ ನೋಡಿದರೆ ಸಾಕು. ಸುಳಿವು ಕೊಡುವ ಗುಂಡಿ ಬೇಕು ಎಂದು ನೀನು ಬರೆದಿದ್ದೆಯಲ್ಲ, ಅದೂ ಇಲ್ಲಿಯೇ ಸಾಧ್ಯ. ಎಂಟು ಬಿಲ್ಲೆಯ ಆಟದಲ್ಲಿ ತಲುಪಬಹುದಾದ ಸ್ಥಿತಿಗಳು 1,81,440 ಮಾತ್ರ, ಅತಿ ಕಷ್ಟದ್ದಕ್ಕೂ 31 ನಡೆ ಸಾಕು, ಆದ್ದರಿಂದ ಮುಗಿದ ಸ್ಥಿತಿಯಿಂದ ಹಿಂದಕ್ಕೆ ಹೊರಟು ಎಲ್ಲವನ್ನೂ ಒಮ್ಮೆ ಪಟ್ಟಿ ಮಾಡಿ ಇಟ್ಟುಕೊಳ್ಳಬಹುದು. ಹದಿನೈದರದ್ದಾದರೆ ಸುಮಾರು ಹತ್ತೂವರೆ ಲಕ್ಷ ಕೋಟಿ ಸ್ಥಿತಿಗಳು, 80 ನಡೆಯವರೆಗೂ ಬೇಕಾಗಬಹುದು, ಪಟ್ಟಿಯ ಮಾತೇ ಬೇಡ.

ಇನ್ನು ನನಗೆ ಬಹಳ ಖುಷಿ ಕೊಟ್ಟ ವಿಚಾರ. ನಮ್ಮ ಸ್ವರಗಳು ಹದಿಮೂರು, ಅಂ ಮತ್ತು ಅಃ ಸೇರಿದರೆ ಹದಿನೈದು. ಅ, ಆ, ಇ, ಈ ಎಂದು ಮೊದಲ ಸಾಲು ಕೂತರೆ ಕೊನೆಯ ಸಾಲಿನಲ್ಲಿ ಔ, ಅಂ, ಅಃ, ಖಾಲಿ ಮನೆ. ಲಾಯ್ಡನ ಸಾವಿರ ಡಾಲರಿನ ಒಗಟು ಕನ್ನಡದಲ್ಲಿ ಅಂ, ಅಃ ಅದಲುಬದಲಾಗುವುದು. ಮಗ್ಗಿ ಬಾರದ ಮಗುವಿಗೂ ಈ ಕ್ರಮ ಬಾಯಿಗೆ ಬರುತ್ತದೆ.

ಮುಂದಿನ ಹಂತದಲ್ಲಿ ಊರುಗಳ ಹೆಸರು ಹಾಕಿ. ಮಂಗಳೂರು, ಧಾರವಾಡ, ಮಡಿಕೇರಿ, ಹಾಸನ ಎಂದರೆ ನಾಲ್ಕು, ನಾಲ್ಕು, ನಾಲ್ಕು, ಮೂರು, ಎಲ್ಲವೂ ಬೇರೆಬೇರೆ ಅಕ್ಷರ. ಹಾಸನದ ಬದಲು ಮೈಸೂರು ಹಾಕಿದೆಯೋ, ರು ಎರಡು ಸಲ ಬರುತ್ತದೆ. ಆ ಎರಡು ಬಿಲ್ಲೆಗಳನ್ನು ಅದಲುಬದಲು ಮಾಡಿದರೆ ಕಣ್ಣಿಗೆ ವ್ಯತ್ಯಾಸವಿಲ್ಲ, ಆದರೆ ಸಮವಿದ್ದದ್ದು ಬೆಸವಾಗುತ್ತದೆ, ಹೀಗಾಗಿ ಯಾವ ಜೋಡಣೆ ಕೊಟ್ಟರೂ ಬಗೆಹರಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಿಮ್ಮ ಪ್ರೋಗ್ರಾಮು ಬಿಲ್ಲೆಗಳಿಗೆ ಒಳಗೊಳಗೇ ಕ್ರಮಸಂಖ್ಯೆ ಕೊಟ್ಟು ಗೆಲುವನ್ನು ಅದರಿಂದ ನಿರ್ಧರಿಸಿದರೆ, ಪರದೆಯ ಮೇಲೆ ಮೈಸೂರು ಸರಿಯಾಗಿ ಕಂಡರೂ ಆಟ ಮುಗಿದಿಲ್ಲ ಎನ್ನುತ್ತದೆ. ಅಕ್ಷರವನ್ನೇ ಹೋಲಿಸಿ ನೋಡಿ. ಹಾಗೆಯೇ ಪದವನ್ನು ಕಂಪ್ಯೂಟರಿನಿಂದ ಒಡೆಸಬೇಡಿ. ಮಡಿಕೇರಿ ನಮಗೆ ನಾಲ್ಕು ಅಕ್ಷರ, ಅದಕ್ಕೆ ಗುಣಿತದ ಚಿಹ್ನೆಗಳೂ ಸೇರಿ ಏಳು ತುಂಡು. ಒತ್ತಕ್ಷರವಿದ್ದರೆ ಇನ್ನೂ ಫಜೀತಿ. ಬಿಲ್ಲೆಯ ಅಕ್ಷರಗಳನ್ನು ಕೈಯಾರೆ ಬಿಡಿಸಿ ಬರೆಯುವುದೇ ಕ್ಷೇಮ.

ಭಾವನವರ ತ್ರೀಡಿಯಿಂದ ಆಟದ ನಿಯಮ ಬದಲಾಗುವುದಿಲ್ಲ, ನಿಮ್ಮ ಮೂರು ವಾರ ಮಾತ್ರ ಹೋಗುತ್ತದೆ. ಟೆಟ್ರಿಸ್ಸಿನ ಒಡೆಯರು ನಕಲು ಆಟದ ಮೇಲೆ ದಾವೆ ಹೂಡಿ 2012ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಗೆದ್ದಿದ್ದಾರೆ, ಅದು ನಮಗೇಕೆ ಬೇಕು. ವೈವಾದಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಕೋಡ್ ಎಂಬ ಅನುಮಾನ ಬಂದರೆ, ಅಜ್ಜಿಯ ಫೋಟೊ ತೋರಿಸಿ, ಅದು ಏಕೆ ಬಗೆಹರಿಯದು ಎಂದು ಹಲಗೆಯ ಮೇಲೆ ಐದು ನಿಮಿಷದಲ್ಲಿ ವಿವರಿಸಿ.

ಇವತ್ತು ಸಂಜೆಯೊಳಗೆ ತಿದ್ದಿದ ಆಟವನ್ನು ಅಜ್ಜಿಯ ಫೋನಿಗೆ ಹಾಕಿಕೊಡು. ಹಳೆಯದು ಬಗೆಹರಿಯುವಂಥದ್ದೇ ಅಲ್ಲ ಎಂಬುದನ್ನೂ ನೀನೇ ಹೇಳು. ಬೆಳಿಗ್ಗೆ ನಾನು ಫೋನಿನಲ್ಲಿ ಹೇಳಿದೆ, ನಿನಗೆ ಬಾರದ್ದಕ್ಕೆ ಗಣಿತದ ನೆವ ಹೇಳುತ್ತೀಯಾ ಎಂದರು.