ಕೆರೆ ಕೆಲಸಕ್ಕೆ ಊರನ್ನು ಮತ್ತೆ ಕೂಡಿಸುವುದು ಹೇಗೆ?

ಪ್ರಶ್ನೆ (ಮುಳಬಾಗಿಲು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಸುಮಾರು 200 ಮನೆಗಳ ಊರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಸೇರುವಂತೆ ಹಿರಿಯರು ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದ್ದಾರೆ. ನಮ್ಮ ಕೆರೆಗೆ ನೀರು ತರುವ ಕಾಲುವೆಯಲ್ಲಿ ಈಗ ಲಾಂಟಾನ ಮತ್ತು ಜಾಲಿ ದಟ್ಟವಾಗಿ ಬೆಳೆದು, ಒಳ್ಳೆಯ ಮಳೆಯಾದ ವರ್ಷವೂ ನೀರು ಅಡ್ಡದಾರಿ ಹಿಡಿದು ಹೊಲಗಳಿಗೆ ನುಗ್ಗುತ್ತಿದೆ.

ಕಳೆದ ವರ್ಷ ನಾವು ಕೆಲವು ಯುವಕರು ಸೇರಿ ಮೂರು ಭಾನುವಾರ ಶ್ರಮದಾನ ಏರ್ಪಡಿಸಿದೆವು. ಮೊದಲ ವಾರ ನಲವತ್ತು ಮಂದಿ ಬಂದರು, ಎರಡನೆಯ ವಾರ ಹದಿನೈದು. ಮೂರನೆಯ ವಾರ ಉಳಿದವರು ನಾವು ಆರೇ ಮಂದಿ. ಊರಹಬ್ಬಕ್ಕೆ ರಾತ್ರಿಯಿಡೀ ದುಡಿಯುವ ಜನರೇ ಕೆರೆಗೆ ಏಕೆ ಬರುವುದಿಲ್ಲ ಎಂಬುದು ನನಗೆ ತಿಳಿಯುತ್ತಿಲ್ಲ. ನಾವು ತಪ್ಪಿದ್ದೆಲ್ಲಿ ಎಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಶಿಕ್ಷಕ, ಶ್ರೀನಿವಾಸಪುರ)

ನಿಮ್ಮ ಪ್ರಯತ್ನ ನಿಜಕ್ಕೂ ದೊಡ್ಡದು, ಎದೆಗುಂದಬೇಡಿ. ನಾನು ಹುಡುಗನಾಗಿದ್ದಾಗ ಕೆರೆ ಕೆಲಸಕ್ಕೆ ಯಾರನ್ನೂ ಕರೆಯಬೇಕಾಗಿರಲಿಲ್ಲ, ಏಕೆಂದರೆ ಕೆರೆ ನೀರು ಹರಿಯುವ ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವರ ಅನ್ನವೇ ಏರಿಯ ತೂಬಿನಿಂದ ಬರುವ ನೀರಿನಲ್ಲಿತ್ತು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರಗಂಟಿ ಇದ್ದರು. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವರಿಗೆ ಧಾನ್ಯ ಸಲ್ಲುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಈ ನಂಟು ಕಡಿಯಿತು. ಸಾವಿರ ಅಡಿ ದಾಟಿದ ಕೊಳವೆಬಾವಿಗೂ ಕೆರೆಗೂ ಸಂಬಂಧವಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲವಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರತೊಡಗಿದ ಮೇಲಂತೂ, ಕೆರೆ ತುಂಬಿಸುವುದು ಸರ್ಕಾರದ ಕೆಲಸ ಎಂಬ ಮಾತು ನಮ್ಮ ಕಡೆಯೂ ಕೇಳಿಬರುತ್ತಿದೆ.

ಒಂದು ಎಚ್ಚರಿಕೆ. ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ನಾವು ಮರೆಯಬಾರದ ಸಂಗತಿಯೆಂದರೆ, ನೀರಗಂಟಿಗಳು ಹೆಚ್ಚಾಗಿ ದಲಿತ ಕುಟುಂಬದವರು, ಮತ್ತು ಎಲ್ಲರ ಗದ್ದೆಗೂ ನೀರು ಹಂಚಿದ ಅವರಲ್ಲಿ ಅನೇಕರಿಗೆ ಸ್ವಂತ ಗದ್ದೆಯೇ ಇರಲಿಲ್ಲ. ನಿಮ್ಮ ಸಭೆ ನಡೆದದ್ದು ಎಲ್ಲಿ? ದೇವಸ್ಥಾನದ ಜಗಲಿಯಲ್ಲಾದರೆ ಅರ್ಧ ಊರು ಬಂದಿರಲಾರದು. ಮುಂದಿನ ಸಭೆಯನ್ನು ಶಾಲೆಯ ಅಂಗಳದಲ್ಲಿ ಕರೆಯಿರಿ.

ಉತ್ತರ 2 (ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ)

ಮೇಷ್ಟ್ರು ಹೇಳಿದ್ದು ಸರಿ. ಅದರ ಜೊತೆಗೆ ಹೊತ್ತಿನ ವಿಚಾರವನ್ನೂ ನೋಡಿ ತಮ್ಮಾ. ಭಾನುವಾರ ರಜೆ ಇರುವುದು ಸಂಬಳದವರಿಗೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರಬೇಕು. ರೇಷ್ಮೆಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವಾಗಿನ ನಿದ್ದೆಯಿಂದ) ಎದ್ದ ಮೇಲೆ ಗೂಡು ಕಟ್ಟುವವರೆಗಿನ ಒಂದು ವಾರ ಅದರ ಹಸಿವಿಗೆ ಕೊನೆಯೇ ಇರುವುದಿಲ್ಲ. ಸೊಪ್ಪು ಹಾಕಿ ಹೊರಗೆ ಬರುವಷ್ಟರಲ್ಲಿ ಮಳೆ ಹನಿದಂತೆ ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತದೆ. ಆ ವಾರದಲ್ಲಿ ಯಾರು ಕರೆದರೂ ನಾವು ಬರಲಾಗುವುದಿಲ್ಲ, ಬಾರದವರಿಗೆ ಊರಿನ ಮೇಲೆ ಪ್ರೀತಿಯಿಲ್ಲ ಎಂದರೆ ನೋವಾಗುತ್ತದೆ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ನಾವು ದಿನವನ್ನು ಬಿಟ್ಟು ಅಳತೆಯನ್ನು ಹಿಡಿದೆವು. ಕಾಲುವೆಗೆ ಗೂಟ ಹೊಡೆದು ಮನೆಗೆ ಇಷ್ಟು ಮಾರು ಎಂದು ಹಂಚಿ, ಹದಿನೈದು ದಿನದೊಳಗೆ ಅವರವರ ಅನುಕೂಲದಲ್ಲಿ ಮುಗಿಸಲಿ ಎಂದೆವು. ಮುದುಕರಷ್ಟೇ ಇರುವ ಮನೆಗಳ ಪಾಲನ್ನು ಅಕ್ಕಪಕ್ಕದವರು ಮಾಡಿದರು. ಮುಗಿದ ಪಾಲು, ಉಳಿದ ಪಾಲು ಎರಡೂ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತಿದ್ದುದರಿಂದ ಯಾರನ್ನೂ ಬಲವಂತ ಮಾಡಬೇಕಾಗಲಿಲ್ಲ.

ಉತ್ತರ 3 (ರೈತ, ಬಂಗಾರಪೇಟೆ)

ಅಕ್ಕನವರ ಪಾಲಿನ ಲೆಕ್ಕ ಕಾಲುವೆಗೆ ಚೆನ್ನಾಗಿ ಹೊಂದುತ್ತದೆ. ಕೆರೆಯ ಹೂಳಿಗೆ ಕೈಹಾಕುವುದಾದರೆ ಮೊದಲು ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿ ಇರಲಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತದೆ, ಆಗ ಅಲ್ಲಿಗೂ ಅರ್ಜಿ ಕೊಡಿ. ಒತ್ತುವರಿ ಇದ್ದರೆ ನೀವೇ ಜಗಳಕ್ಕೆ ಹೋಗದೆ ಸರ್ವೆಗೆ ಕೋರಿಕೆ ಸಲ್ಲಿಸಿ.

ನಮ್ಮೂರಿನಲ್ಲಿ ಕೆಲಸ ಕೆಟ್ಟದ್ದು ಕೆರೆಗೋಡಿನ, ಅಂದರೆ ಕೆರೆಯಿಂದ ತೆಗೆದ ಹೂಳುಮಣ್ಣಿನ ದೆಸೆಯಿಂದ. ಟ್ರ್ಯಾಕ್ಟರ್ ಇದ್ದವರು ರಾತ್ರೋರಾತ್ರಿ ಸಾಗಿಸಿ ಇಟ್ಟಿಗೆ ಗೂಡಿಗೆ ಮಾರಿದರು. ಮಿಕ್ಕವರು ಮನಸ್ಸು ಮುರಿದು ಹಿಂದೆ ಸರಿದರು. ಮರುವರ್ಷ ಬೇಸಿಗೆಯಲ್ಲಿ ಗೋಡು ಊರಿನ ಹೊಲಗಳಿಗೆ ಮಾತ್ರ ಎಂದು ಗ್ರಾಮಸಭೆಯಲ್ಲಿ ತೀರ್ಮಾನಿಸಿ, ಸಣ್ಣ ಹಿಡುವಳಿದಾರರಿಗೆ ಮೊದಲ ಸರದಿ ಕೊಟ್ಟು, ಲೋಡಿನ ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದೆವು. ಗೋಡು ಹೊಡೆಸಿದ ಕೆಂಪು ಮಣ್ಣಿನ ಹೊಲದಲ್ಲಿ ರಾಗಿ ಪೈರು ಮಳೆ ಹಿಂದೆಬಿದ್ದರೂ ಬೇಗ ಬಾಡದೆ ನಿಂತದ್ದನ್ನು ಕಂಡವರು ತಾವಾಗಿಯೇ ಬಂದರು. ಏರಿಯ ಬುಡದಲ್ಲಿ ಮಾತ್ರ ಅಗೆಯಲೇಬೇಡಿ, ಏರಿ ಕುಸಿದೀತು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಮ್ಮ ಸಭೆ ದೇವಸ್ಥಾನದ ಮುಂದೆಯೇ ನಡೆದಿತ್ತು, ಹೆಂಗಸರು ಇಬ್ಬರೇ ಇದ್ದರು. ಈ ಬಾರಿ ಶಾಲೆಯ ಅಂಗಳದಲ್ಲಿ, ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಸೇರುತ್ತೇವೆ. ಹಿಂದೆ ನಮ್ಮೂರಿನ ನೀರಗಂಟಿಯಾಗಿದ್ದವರ ಮಗ ಇಲ್ಲಿಯೇ ಇದ್ದಾರೆ; ಕಾಲುವೆಯ ಹಳೆಯ ಜಾಡು ಅವರಿಗೆ ಗೊತ್ತು. ಜಾಡು ತೋರಿಸಲು ಬರುವ ದಿನಗಳಿಗೆ ಅವರಿಗೆ ಕೂಲಿ ಕೊಟ್ಟೇ ಕರೆಯಬೇಕೆಂದು ನಾವು ಆರು ಮಂದಿ ನಿಶ್ಚಯಿಸಿದ್ದೇವೆ. ಅಕ್ಕನವರೇ, ಮನೆಗೆ ಎಷ್ಟು ಮಾರು ಇಟ್ಟಿದ್ದಿರಿ ಎಂದು ತಿಳಿಸಿದರೆ ಗೂಟ ಹೊಡೆಯಲು ಅನುಕೂಲವಾಗುತ್ತದೆ.